ಮನೆಯಲ್ಲಿ ಕಟ್ಟುವ ಕಾರಿಗೆ ಫೈಬರ್ ಗ್ಲಾಸ್ ಮೈ

ಉಕ್ಕಿನ ತಗಡನ್ನು ಕಾರಿನ ಬಾನೆಟ್ ಆಗಿ ಬಗ್ಗಿಸಲು ಕಾರ್ಖಾನೆಗೆ ದೊಡ್ಡ ಪ್ರೆಸ್ಸೂ ಭಾರೀ ಬೆಲೆಯ ಡೈಗಳೂ ಬೇಕು. ಸಾವಿರಗಟ್ಟಲೆ ಕಾರು ಮಾರುವವರಿಗೆ ಆ ಖರ್ಚು ಹಂಚಿಹೋಗುತ್ತದೆ. ಒಂದೇ ಕಾರು ಕಟ್ಟುವವರಿಗೆ ಅದು ಆಗದ ಮಾತು. ಅಲ್ಯೂಮಿನಿಯಂ ತಗಡನ್ನು ಸುತ್ತಿಗೆ, ಮರಳಚೀಲಗಳಿಂದ ತಟ್ಟಿ ರೂಪಿಸಬಹುದು, ಆದರೆ ಆ ಕೆಲಸಕ್ಕೆ ಕೈ ಪಳಗಲು ವರ್ಷಗಳೇ ಹಿಡಿಯುತ್ತವೆ. ಗಾಜಿನ ಎಳೆಯೂ ಪಾಲಿಯೆಸ್ಟರ್ ರೆಸಿನ್ನೂ ಸೇರಿ ಆಗುವ ಫೈಬರ್ ಗ್ಲಾಸ್, ಅಂದರೆ ನಮ್ಮ ವರ್ಕ್‌ಶಾಪುಗಳ ಮಾತಿನಲ್ಲಿ ಎಫ್‌ಆರ್‌ಪಿ, ಈ ಎರಡೂ ಅಡ್ಡಿಗಳನ್ನು ದಾಟಿಸುತ್ತದೆ. ಪ್ರೆಸ್ಸು ಬೇಡ, ಕುಲುಮೆ ಬೇಡ. ಬ್ರಶ್, ರೋಲರ್, ತಕ್ಕಡಿ ಮತ್ತು ಒಂದು ಅಚ್ಚು ಇದ್ದರೆ ಎಂಥ ತಿರುವಿನ ಮೈಯನ್ನಾದರೂ ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗಿಸಬಹುದು. ಶೆಡ್ಡಿನಲ್ಲಿ ಕಾರು ಕಟ್ಟುವವರು ಏಳು ದಶಕಗಳಿಂದ ಇದನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಯಾವ ಭಾಗಕ್ಕೆ ಇದು ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ, ಶ್ರಮವನ್ನು ಎಲ್ಲಿ ಹಾಕಬೇಕು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ.

ಗಾಜಿನ ನೂಲನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ವಿಧಾನ 1930ರ ದಶಕದಲ್ಲಿ ಅಮೆರಿಕದಲ್ಲಿ ಪಕ್ವವಾಯಿತು. ಅದನ್ನು ಮಾರುವ ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿದ್ದು 1938ರಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ನೂಲು, ರೆಸಿನ್ನುಗಳು ಮೊದಲು ದೋಣಿ ಕಟ್ಟುವವರ ಕೈಗೆ, ಅಲ್ಲಿಂದ ಕಾರಿನವರ ಕೈಗೆ ಬಂದವು. ಕ್ಯಾಲಿಫೋರ್ನಿಯಾದ ಬಿಲ್ ಟ್ರಿಟ್ ದೋಣಿ ಮಾಡುತ್ತಿದ್ದವರೇ. ಅವರ ಗ್ಲಾಸ್‌ಪಾರ್ ಸಂಸ್ಥೆ 1950ರ ದಶಕದ ಆರಂಭದಲ್ಲಿ ಜಿ2 ಎಂಬ ಸ್ಪೋರ್ಟ್ಸ್ ಕಾರಿನ ಮೈಯನ್ನು ಮಾರತೊಡಗಿತು. ಕೊಂಡವರು ಅದನ್ನು ತಮ್ಮ ಬಳಿ ಇದ್ದ ಚಾಸಿಗೆ ಕೂರಿಸಿಕೊಳ್ಳುತ್ತಿದ್ದರು. ಅದೇ ರಾಜ್ಯದ ಬಿಲ್ ಡೆವಿನ್ ಇನ್ನೂ ಜಾಣತನದ ದಾರಿ ಹಿಡಿದರು. ಅಚ್ಚನ್ನು ತುಂಡು ತುಂಡಾಗಿ ಮಾಡಿ, ಬೇರೆ ಬೇರೆ ಉದ್ದಗಲಕ್ಕೆ ಜೋಡಿಸಿ, ಗಿರಾಕಿಯ ಚಾಸಿಯ ಅಳತೆಗೆ ಹೊಂದುವ ಮೈಯನ್ನು 295 ಡಾಲರಿಗೆ ಕೊಟ್ಟರು. ದೊಡ್ಡ ಕಂಪನಿಗಳ ಪೈಕಿ ಷೆವ್ರೋಲೆಟ್ 1953ರಲ್ಲಿ ಕಾರ್ವೆಟ್ ಕಾರಿಗೆ ಫೈಬರ್ ಗ್ಲಾಸ್ ಮೈ ಕೊಟ್ಟಿತು. ಮೊದಲ ವರ್ಷ ತಯಾರಾದದ್ದು 300 ಕಾರು, ಬಹುಪಾಲು ಕೈಕೆಲಸ.

ಬ್ರಿಟನ್ನಿನಲ್ಲಿ ಇದೇ ಕಾಲಕ್ಕೆ ಹಳೆಯ ಆಸ್ಟಿನ್ ಸೆವೆನ್, ಫೋರ್ಡ್ ಟೆನ್ ಕಾರುಗಳ ತುಕ್ಕು ಹಿಡಿದ ಮೈಯನ್ನು ಕಿತ್ತೆಸೆದು ಫೈಬರ್ ಗ್ಲಾಸ್ ಮೈ ಕೂರಿಸುವ ಹುಚ್ಚು ಹಬ್ಬಿತು. ಪೂರ್ಣ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬರುವವರೆಗೂ ಈ ಅಂತರ ಕಿಟ್ ಕಾರುಗಳ ಉದ್ಯಮವನ್ನೇ ಸಾಕಿತು. ಆ ದಿನಗಳ ಅತ್ಯಂತ ಧೈರ್ಯದ ಪ್ರಯೋಗ ಲೋಟಸ್ ಎಲೀಟ್. 1957ರಲ್ಲಿ ಪ್ರದರ್ಶನಕ್ಕೆ ಬಂದ ಆ ಕಾರಿನಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ, ಭಾರ ಹೊರುವುದೂ ಫೈಬರ್ ಗ್ಲಾಸೇ. ನೋಡಲು ಚೆಲುವು, ತೂಕ ಹಗುರ, ಆದರೆ ತಯಾರಿಕೆ ದುಬಾರಿ. ಲೋಟಸ್ ಸ್ಥಾಪಕ ಕಾಲಿನ್ ಚಾಪ್ಮನ್ ತಮ್ಮ ಮುಂದಿನ ಕಾರು ಎಲಾನ್‌ಗೆ (1962) ಉಕ್ಕಿನ ಬೆನ್ನೆಲುಬು ಹಾಕಿ, ಫೈಬರ್ ಗ್ಲಾಸನ್ನು ಅದರ ಮೇಲಿನ ಮೈಯಾಗಿ ಉಳಿಸಿಕೊಂಡರು. ಮರಳುದಿಬ್ಬಗಳ ಬಗ್ಗಿ ಕಾರಿನ ಕಥೆಯೂ ಹೀಗೆಯೇ. ಬ್ರೂಸ್ ಮೇಯರ್ಸ್ 1964ರಲ್ಲಿ ಕಟ್ಟಿದ ಮೊದಲ ಮ್ಯಾಂಕ್ಸ್ ಬಗ್ಗಿಯಲ್ಲಿ ಮೈಯೇ ಚಾಸಿ; ಅದು ಲಾಭ ತರಲಿಲ್ಲವೆಂದು, ಕತ್ತರಿಸಿ ಗಿಡ್ಡ ಮಾಡಿದ ಫೋಕ್ಸ್‌ವ್ಯಾಗನ್ ಬೀಟಲ್ ತಳದ ಮೇಲೆ ಕೂರುವ ಮೈಯನ್ನು ರೂಪಿಸಿದರು, ಅದು ಸಾವಿರಗಟ್ಟಲೆ ಮಾರಾಟವಾಯಿತು. ಮನೆಯಲ್ಲಿ ಕಟ್ಟುವವರಿಗೆ ಈ ಇಬ್ಬರ ಅನುಭವಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊಳವೆ ಬೆಸೆದ ಚೌಕಟ್ಟೋ ಹಳೆಯ ಕಾರಿನ ಚಾಸಿಯೋ ಭಾರ ಹೊರಲಿ. ಫೈಬರ್ ಗ್ಲಾಸ್ ಗಾಳಿ, ನೀರು, ಕೆಸರನ್ನು ತಡೆದು ರೂಪ ಕೊಡಲಿ. ರಾನ್ ಚಾಂಪಿಯನ್ 1996ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯವಾದ ಲೋಕಾಸ್ಟ್ ಕಾರೂ ಇದನ್ನೇ ಪಾಲಿಸುತ್ತದೆ: ಉಕ್ಕಿನ ಕೊಳವೆಗಳ ಚೌಕಟ್ಟು, ಪಕ್ಕಗಳಿಗೆ ಚಪ್ಪಟೆ ಅಲ್ಯೂಮಿನಿಯಂ, ತಿರುವು ಹೆಚ್ಚಿರುವ ಮೂತಿಗೂ ಮಡ್‌ಗಾರ್ಡಿಗೂ ಫೈಬರ್ ಗ್ಲಾಸ್.

ಭಾರತದಲ್ಲಿ ಈ ವಿದ್ಯೆಗೆ ಬೆಂಗಳೂರಿನ ನಂಟು ಹಳೆಯದು. ಇಲ್ಲಿನ ಸನ್‌ರೈಸ್ ಸಂಸ್ಥೆ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಗ್ಲಾಸ್ ಕಾರನ್ನು ತಯಾರಿಸಿತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಗಿ, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಡಾಲ್ಫಿನ್ ಕಾರನ್ನು 1980ರ ದಶಕದಲ್ಲಿ ರಸ್ತೆಗೆ ತಂದಿತು. ಹಗುರ ಮೈಯ ಡಾಲ್ಫಿನ್ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಇಂದು ಮಲ್ಪೆ, ಮಂಗಳೂರಿನ ಕಡೆಯ ದೋಣಿ ಕಟ್ಟುವವರು, ಬಸ್ ಬಾಡಿಯ ಮುಂಭಾಗ ಮಾಡುವವರು, ನೀರಿನ ತೊಟ್ಟಿ ಮತ್ತು ಬಾಗಿಲು ತಯಾರಿಸುವವರು ಇದೇ ಗಾಜಿನ ಎಳೆಯ ಮ್ಯಾಟು, ಇದೇ ರೆಸಿನ್ನು ಬಳಸುತ್ತಾರೆ. ಸಾಮಗ್ರಿಗೂ ಕೈಚಳಕಕ್ಕೂ ಕರ್ನಾಟಕದಲ್ಲಿ ಕೊರತೆ ಇಲ್ಲ.

ಫೈಬರ್ ಗ್ಲಾಸ್ ಉಕ್ಕಿನಷ್ಟು ಗಟ್ಟಿಯೇ ಎಂಬ ಪ್ರಶ್ನೆಗೆ ಒಂದು ಸಣ್ಣ ಲೆಕ್ಕ ಉತ್ತರ ಕೊಡುತ್ತದೆ. ಉಕ್ಕಿನ ಬಿಗಿತ ಸುಮಾರು 200 ಗಿಗಾಪಾಸ್ಕಲ್. ಕತ್ತರಿಸಿದ ಎಳೆಗಳ ಮ್ಯಾಟಿನಿಂದಾದ ಫೈಬರ್ ಗ್ಲಾಸಿನದು ಬರೀ 7. ಆದರೆ ಹಾಳೆ ಬಾಗದಂತೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.8 ಮಿ.ಮೀ. ಉಕ್ಕಿನ ತಗಡಿನ ಬದಲು 3 ಮಿ.ಮೀ. ಫೈಬರ್ ಗ್ಲಾಸ್ ಹಾಕಿದರೆ ಬಾಗುವಿಕೆಯ ವಿಷಯದಲ್ಲಿ ಅದು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಬಿಗಿ. ತೂಕವೋ ಚದರ ಮೀಟರಿಗೆ 6.3 ಕಿಲೋ ಇದ್ದದ್ದು 4.4 ಕಿಲೋಗೆ ಇಳಿಯುತ್ತದೆ. ಹಾಗೆಂದು ದಪ್ಪ ಹೆಚ್ಚಿಸುತ್ತಾ ಹೋದರೆ ಈ ಲಾಭ ಕರಗುತ್ತದೆ. ಹೊಸಬರು ಮಾಡಿದ ಬಾನೆಟ್ಟುಗಳು ಉಕ್ಕಿಗಿಂತ ಭಾರವಾಗುವುದು ಅಪರೂಪವೇನಲ್ಲ. ಗಾಜಿಗಿಂತ ರೆಸಿನ್ನೇ ಅಲ್ಲಿ ಅತಿಯಾಗಿರುತ್ತದೆ.

ಕೆಲಸದ ಬಹುಪಾಲು ಗಾಜನ್ನು ಮುಟ್ಟುವ ಮೊದಲೇ ಮುಗಿದಿರುತ್ತದೆ. ಮೊದಲು ಬೇಕಾದದ್ದು ಪ್ಲಗ್, ಅಂದರೆ ಬೇಕಾದ ಭಾಗದ ನಿಜ ಅಳತೆಯ ಮಾದರಿ. ಪ್ಲೈವುಡ್ ಅಥವಾ ಎಂಡಿಎಫ್ ಹಲಗೆಯಿಂದ ಅಡ್ಡಕೊಯ್ತದ ಆಕಾರಗಳನ್ನು ಕತ್ತರಿಸಿ ಸಾಲಾಗಿ ನಿಲ್ಲಿಸಿ, ನಡುವಿನ ಜಾಗಕ್ಕೆ ಪಾಲಿಯುರೆಥೇನ್ ಫೋಮ್ ತುಂಬಿ ಉಜ್ಜುತ್ತಾರೆ. ಪ್ಯಾಕಿಂಗಿಗೆ ಬರುವ ಬಿಳಿ ಥರ್ಮೊಕೋಲ್ ಇಲ್ಲಿ ನಡೆಯದು. ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ಕ್ಷಣದಲ್ಲಿ ಕರಗಿಸಿಬಿಡುತ್ತದೆ. ಥರ್ಮೊಕೋಲನ್ನೇ ಬಳಸಬೇಕೆಂದರೆ ಮೇಲೆ ಎಪಾಕ್ಸಿಯ ಪದರ ಬೇಕು. ಫೋಮಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ದಪ್ಪ ಪ್ರೈಮರ್, ಆಮೇಲೆ ವಾಟರ್ ಪೇಪರ್. ಉದ್ದನೆಯ, ಕೊಂಚ ಬಾಗುವ ಹಲಗೆಗೆ ಉಪ್ಪುಕಾಗದ ಅಂಟಿಸಿ ಕರ್ಣರೇಖೆಯಲ್ಲಿ ಉಜ್ಜಿದರೆ ಏರುತಗ್ಗು ಸರಿಯಾಗುತ್ತದೆ. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಗುರುತೇ ಮೈಯಲ್ಲಿ ಉಳಿಯುತ್ತದೆ. ಪ್ಲಗ್ಗನ್ನು ಒದ್ದೆ ಮಾಡಿ, ಟ್ಯೂಬ್‌ಲೈಟಿನ ಪ್ರತಿಬಿಂಬ ಅದರ ಮೇಲೆ ಹರಿಯುವುದನ್ನು ನೋಡಬೇಕು. ಬೆಳಕಿನ ಗೆರೆ ಎಲ್ಲಿ ನಡುಗುತ್ತದೋ ಅಲ್ಲಿ ತಗ್ಗಿದೆ. ಪ್ಲಗ್ಗಿನಲ್ಲಿ ಉಳಿದ ಕೂದಲೆಳೆಯ ಗೀರೂ ಅಚ್ಚಿಗೆ ಇಳಿದು, ಅಚ್ಚಿನಿಂದ ಪ್ರತಿ ಭಾಗಕ್ಕೂ ಬರುತ್ತದೆ. ಇಲ್ಲಿ ಉಳಿಸಿದ ಒಂದು ಗಂಟೆ ಮುಂದೆ ಪ್ರತಿ ಬಾನೆಟ್ಟಿನಲ್ಲೂ ಹತ್ತಾರು ಗಂಟೆ ಕೇಳುತ್ತದೆ.

ಆಕಾರವನ್ನು ಎಳೆಯುವಾಗಲೇ ಎರಡು ಸಂಗತಿ ಗಮನದಲ್ಲಿರಬೇಕು. ಚೂಪು ಮೂಲೆಗೆ ಗಾಜಿನ ಎಳೆ ಬಗ್ಗಿ ಕೂರುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಹಾಗಾಗಿ ಮೂಲೆಗಳಿಗೆ ಕನಿಷ್ಠ 5-6 ಮಿ.ಮೀ. ತ್ರಿಜ್ಯದ ದುಂಡು ಬೇಕು. ಎರಡನೆಯದು, ಭಾಗ ಅಚ್ಚಿನಿಂದ ಹೊರಬರಲು ಗೋಡೆಗಳು ಮೂರ್ನಾಲ್ಕು ಡಿಗ್ರಿಯಾದರೂ ಹೊರಕ್ಕೆ ವಾಲಿರಬೇಕು. ಮಡ್‌ಗಾರ್ಡಿನ ತುಟಿಯಂತೆ ಒಳಕ್ಕೆ ತಿರುಗುವ ಅಂಚಿದ್ದರೆ ಒಂದೇ ಅಚ್ಚು ಕಚ್ಚಿಕೊಂಡುಬಿಡುತ್ತದೆ. ಅಂಥ ಕಡೆ ಅಚ್ಚನ್ನು ಎರಡು ಮೂರು ತುಂಡಾಗಿ ಮಾಡಿ, ಫ್ಲೇಂಜುಗಳನ್ನು ಬೋಲ್ಟಿನಿಂದ ಬಿಗಿಯುತ್ತಾರೆ.

ಪ್ಲಗ್ಗಿಗೆ ಕಾರ್ನಾಬಾ ಮೇಣವನ್ನು ಐದಾರು ಸಲ, ಪ್ರತಿ ಸಲ ಒಣಗಲು ಬಿಟ್ಟು, ಹಚ್ಚಿ ಉಜ್ಜಬೇಕು. ಮೇಲೆ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ದ್ರವದ ತೆಳು ಪೊರೆ. ಈ ಎರಡರಲ್ಲಿ ಸೋಮಾರಿತನ ತೋರಿದರೆ ಪ್ಲಗ್ಗೂ ಅಚ್ಚೂ ಒಂದಾಗಿ ಅಂಟಿ ಎರಡೂ ಹಾಳು. ಅಚ್ಚಿನ ಜೆಲ್ ಕೋಟ್, ಅಂದರೆ ಗಾಜಿಗೆ ಮೊದಲು ಬಳಿಯುವ ಬಣ್ಣದ ರೆಸಿನ್ ಪದರ, ಸಾಮಾನ್ಯವಾಗಿ ಕಪ್ಪು, ಹಸಿರು ಅಥವಾ ಕಿತ್ತಳೆ ಬಣ್ಣದ್ದು; ಸಣ್ಣ ಊನವೂ ಕಣ್ಣಿಗೆ ಬೀಳಲಿ ಎಂದು. ಅಚ್ಚಿನ ದಪ್ಪ ಅದರಿಂದ ತೆಗೆಯುವ ಭಾಗದ ಎರಡು ಮೂರು ಪಟ್ಟು ಇರಬೇಕು, ಹಿಂಬದಿಗೆ ಮರದ ಅಥವಾ ಕೊಳವೆಯ ಚೌಕಟ್ಟು ಬೇಕು. ಆ ದಪ್ಪವನ್ನು ಒಂದೇ ದಿನ ಏರಿಸುವಂತಿಲ್ಲ. ರೆಸಿನ್ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಮೂರ್ನಾಲ್ಕು ಪದರ ಮೀರಿದರೆ ಆ ಶಾಖಕ್ಕೆ ಅಚ್ಚು ಸೊಟ್ಟಗಾಗುತ್ತದೆ, ಸೀಳುವುದೂ ಉಂಟು. ಪೂರ್ತಿಯಾದ ಅಚ್ಚನ್ನು ವಾರದ ಮಟ್ಟಿಗೆ ಪ್ಲಗ್ಗಿನ ಮೇಲೆಯೇ ಬಿಟ್ಟು ಆಮೇಲೆ ಬಿಡಿಸುವುದು ಒಳ್ಳೆಯದು, ಏಕೆಂದರೆ ಪಾಲಿಯೆಸ್ಟರ್ ಕುಗ್ಗುವ ಗುಣದ್ದು.

ಭಾಗವನ್ನು ಹಾಕುವ ಕ್ರಮ ಹೆಚ್ಚುಕಡಿಮೆ ಹೀಗೆ. ಮೇಣ ಹಚ್ಚಿದ ಅಚ್ಚಿನೊಳಗೆ ಮೊದಲು ಅರ್ಧ ಮಿಲಿಮೀಟರಿನಷ್ಟು ಜೆಲ್ ಕೋಟ್. ತೆಳುವಾದರೆ ಮೇಲಿನ ಪದರದ ಸ್ಟೈರೀನ್ ಅದನ್ನು ಕಚ್ಚಿ ಸುಕ್ಕು ಎಬ್ಬಿಸುತ್ತದೆ. ದಪ್ಪವಾದರೆ ಕೆಲವು ತಿಂಗಳಲ್ಲಿ ಬಿರುಕು. ಬೆರಳಿಟ್ಟರೆ ಅಂಟಂಟು ಅನ್ನಿಸಿ, ಬಣ್ಣ ಮಾತ್ರ ಬೆರಳಿಗೆ ಹತ್ತದ ಹದಕ್ಕೆ ಬಂದಾಗ ಮ್ಯಾಟ್ ಹಾಕಬೇಕು. ಮ್ಯಾಟ್ ಎಂದರೆ ಸುಮಾರು 50 ಮಿ.ಮೀ. ಉದ್ದದ ಎಳೆಗಳನ್ನು ಅಡ್ಡಾದಿಡ್ಡಿ ಹರಡಿ ಅಂಟಿನಿಂದ ಹಿಡಿಸಿದ ಹಾಸು. ಮೊದಲ ಪದರಕ್ಕೆ ಚದರ ಮೀಟರಿಗೆ 300 ಗ್ರಾಮಿನದು, ಆಮೇಲೆ 450 ಗ್ರಾಮಿನದು ಎಂಬುದು ರೂಢಿ. 450ರ ಒಂದು ಪದರ ಸುಮಾರು ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ. ಅಂಚುಗಳನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದರೆ ಒಂದರ ಮೇಲೊಂದು ಬರುವ ಕಡೆ ದಿಣ್ಣೆ ಏಳುವುದಿಲ್ಲ.

ರೆಸಿನ್ನಿನ ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು, ತಕ್ಕಡಿಯಲ್ಲೇ ತೂಗಬೇಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. 1.2 ಚದರ ಮೀಟರಿನ ಒಂದು ಬಾನೆಟ್ಟಿಗೆ 450ರ ಎರಡು ಪದರ ಹಾಕುವುದಾದರೆ ಮ್ಯಾಟು ಒಂದು ಕಿಲೋ ಚಿಲ್ಲರೆ, ರೆಸಿನ್ ಎರಡೂವರೆ ಕಿಲೋ, ಜೆಲ್ ಕೋಟ್ ಮುಕ್ಕಾಲು ಕಿಲೋ. ಕೈಗೆ ಬರುವ ಭಾಗ ನಾಲ್ಕೂಕಾಲು ಕಿಲೋ. ರೆಸಿನ್ನಿಗೆ ಬೆರೆಸುವ ಗಟ್ಟಿಕಾರಕ ಎಂಇಕೆಪಿ ಕಿಲೋಗೆ 10ರಿಂದ 20 ಗ್ರಾಂ. ಅಚ್ಚಿಗೆ ಮೊದಲು ರೆಸಿನ್ ಬಳಿದು, ಮ್ಯಾಟನ್ನು ಅದರ ಮೇಲೆ ಹಾಸಿ, ಕೆಳಗಿನಿಂದ ರೆಸಿನ್ ಮೇಲೇರುವಂತೆ ಬ್ರಶ್ಶಿನ ತುದಿಯಿಂದ ಕುಟ್ಟಬೇಕು. ಬಣ್ಣ ಬಳಿಯುವಂತೆ ಎಳೆದರೆ ನೆಂದ ಮ್ಯಾಟು ಕಿತ್ತುಬರುತ್ತದೆ. ಎಳೆಗಳನ್ನು ಹಿಡಿದಿದ್ದ ಅಂಟು ಸ್ಟೈರೀನಿನಲ್ಲಿ ಕರಗಿ, ಬಿಳಿಯ ಹಾಸು ಪಾರದರ್ಶಕವಾಗುವುದೇ ಹದ ತಿಳಿಯುವ ಗುರುತು. ಉಳಿದ ಬಿಳಿಚುಕ್ಕೆ ಎಂದರೆ ಗಾಳಿ. ಗೀರುಗಳಿರುವ ಅಲ್ಯೂಮಿನಿಯಂ ರೋಲರನ್ನು ಮೆಲ್ಲಗೆ ಉರುಳಿಸಿದರೆ ಗಾಳಿ ಚಿರಚಿರ ಸದ್ದಿನೊಂದಿಗೆ ಹೊರಬೀಳುತ್ತದೆ. ಭಾಗ ರಬ್ಬರಿನ ಹದಕ್ಕೆ ಬಂದಾಗ ಹೊರಚಾಚಿದ ಅಂಚನ್ನು ಬ್ಲೇಡಿನಿಂದಲೇ ಕತ್ತರಿಸಬಹುದು. ಆ ಹೊತ್ತು ತಪ್ಪಿದರೆ ಗ್ರೈಂಡರ್ ಹಿಡಿದು ಗಾಜಿನ ಧೂಳು ಕುಡಿಯಬೇಕು.

ಅಚ್ಚಿನಿಂದ ಬಂದ ಹಾಳೆ ಹಾಗೆಯೇ ಇದ್ದರೆ ಜೋಲುತ್ತದೆ. ಅಂಚನ್ನು ಒಳಕ್ಕೆ 20-25 ಮಿ.ಮೀ. ಮಡಿಸಿದ ಫ್ಲೇಂಜೇ ಅತ್ಯಂತ ಅಗ್ಗದ ಬಲ. ದೊಡ್ಡ ಚಪ್ಪಟೆ ಜಾಗಗಳಿಗೆ ಫೋಮಿನ ಪಟ್ಟಿಯನ್ನೋ ರಟ್ಟಿನ ಕೊಳವೆಯ ಅರ್ಧಭಾಗವನ್ನೋ ಇಟ್ಟು ಮೇಲೆ ಮ್ಯಾಟ್ ಹಾಕಿ ಪಕ್ಕೆಲುಬು ಕಟ್ಟುತ್ತಾರೆ. ಹೊರಮೈ ಚೆನ್ನಾಗಿ ಗಟ್ಟಿಯಾದ ಮೇಲಷ್ಟೇ ಇದನ್ನು ಹಾಕಬೇಕು, ಇಲ್ಲದಿದ್ದರೆ ಪಟ್ಟಿಯ ಗುರುತು ಹೊರಗಿನ ಹೊಳಪಿನಲ್ಲಿ ಮೂಡುತ್ತದೆ. ಕೀಲು, ಚಿಲಕ ಕೂರುವ ಕಡೆ ದಪ್ಪವನ್ನು ದ್ವಿಗುಣಗೊಳಿಸಿ, ರಂಧ್ರ ಕೊರೆದ ಉಕ್ಕಿನ ಪಟ್ಟಿಯನ್ನು ಪದರಗಳ ನಡುವೆ ಹೂಳಬೇಕು. ನೇರ ಬೋಲ್ಟ್ ಬಿಗಿದರೆ ಸುತ್ತ ನಕ್ಷತ್ರಾಕಾರದ ಬಿರುಕು ಖಂಡಿತ. ಸ್ಟೀರಿಂಗ್, ಸಸ್ಪೆನ್ಷನ್, ಸೀಟ್ ಬೆಲ್ಟಿನ ಕೊಂಡಿಗಳನ್ನು ಫೈಬರ್ ಗ್ಲಾಸಿಗೆ ಕಟ್ಟುವ ಯೋಚನೆಯನ್ನೂ ಮಾಡಬಾರದು; ಅವು ಚೌಕಟ್ಟಿಗೇ ಸೇರಬೇಕು. ಇನ್ನೊಂದು ಸಂಗತಿ ಹಲವರಿಗೆ ವೈರಿಂಗಿನ ದಿನವೇ ನೆನಪಾಗುವುದು: ಈ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಪ್ರತಿ ದೀಪಕ್ಕೂ ಚಾಸಿಗೆ ಅರ್ಥಿಂಗ್ ವೈರ್ ಎಳೆಯಲೇಬೇಕು. 1953ರ ಕಾರ್ವೆಟ್ಟಿನಲ್ಲಿ ಇದೇ ಗುಣವನ್ನು ಉಪಯೋಗಿಸಿಕೊಂಡು ರೇಡಿಯೊ ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಹುದುಗಿಸಿದ್ದರು.

ಹವಾಮಾನದ ವಿಷಯದಲ್ಲಿ ಬ್ರಿಟಿಷ್ ಕೈಪಿಡಿಗಳ ಬುದ್ಧಿಮಾತನ್ನು ಇಲ್ಲಿ ತಿರುಗಿಸಿ ಓದಬೇಕು. ಅವರ ಚಿಂತೆ ಚಳಿ: 15 ಡಿಗ್ರಿಗಿಂತ ಕೆಳಗೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಸಮಸ್ಯೆ ಉಲ್ಟಾ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಡಬ್ಬದಲ್ಲೇ ರೆಸಿನ್ ಗಡ್ಡೆಕಟ್ಟಿ ಹೊಗೆಯಾಡುತ್ತದೆ. ಗಟ್ಟಿಕಾರಕವನ್ನು ತೀರಾ ಇಳಿಸಿದರೆ ಭಾಗ ಎಂದಿಗೂ ಪೂರ್ತಿ ಗಟ್ಟಿಯಾಗದು, ಆದ್ದರಿಂದ ನಸುಕಿನಲ್ಲಿ ಕೆಲಸ ಮಾಡುವುದು, ಅರ್ಧ ಕಿಲೋದಷ್ಟು ಮಾತ್ರ ಬೆರೆಸಿಕೊಳ್ಳುವುದು ಮೇಲು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮ್ಯಾಟು ತೇವ ಹೀರಿ ಪದರಗಳು ಬಿಳಿಚಿಕೊಳ್ಳುತ್ತವೆ. ಸುರುಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣ ಕೋಣೆಯಲ್ಲಿಡಬೇಕು. ಸಾಮಾನ್ಯ ಆರ್ಥೊಫ್ತಾಲಿಕ್ ರೆಸಿನ್ 60-70 ಡಿಗ್ರಿಯಲ್ಲಿ ಮೆದುವಾಗತೊಡಗುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಆ ಮಟ್ಟ ಮುಟ್ಟಬಲ್ಲದು, ಕೆಳಗೆ ಎಂಜಿನ್ನಿನ ಶಾಖ ಬೇರೆ. ಹಾಗಾಗಿ ತಿಳಿಬಣ್ಣವೂ ಐಸೊಫ್ತಾಲಿಕ್ ಅಥವಾ ವಿನೈಲ್ ಎಸ್ಟರ್ ರೆಸಿನ್ನೂ ನಮ್ಮ ಕಡೆಗೆ ಸೂಕ್ತ.

ಅಚ್ಚು ಮಾಡುವುದೊಂದೇ ದಾರಿಯಲ್ಲ. ಒಂದೇ ಒಂದು ಭಾಗ ಸಾಕೆಂದಾದರೆ ಫೋಮನ್ನು ರೂಪಿಸಿ ಅದರ ಮೇಲೆಯೇ ಗಾಜು ಹೊದಿಸಿ, ಒಳಗಿನ ಫೋಮನ್ನು ಕೆರೆದು ತೆಗೆಯಬಹುದು. ಅಚ್ಚಿನ ಖರ್ಚು ಉಳಿಯುತ್ತದೆ. ಆದರೆ ಒರಟು ಮೈ ಹೊರಗೆ ಬರುವುದರಿಂದ ಪುಟ್ಟಿ, ಉಜ್ಜುವಿಕೆ ದುಪ್ಪಟ್ಟು, ತೂಕವೂ ಹೆಚ್ಚು. ಡ್ಯಾಶ್‌ಬೋರ್ಡ್, ಸ್ಪೀಕರ್ ಪೆಟ್ಟಿಗೆಯಂಥ ಒಳಭಾಗಗಳಿಗೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ರೆಸಿನ್ ಕುಡಿಸುವುದೂ ಉಂಟು. ಇರುವ ಕಾರಿನ ಭಾಗದ ಮೇಲೆಯೇ ನೇರ ಅಚ್ಚು ತೆಗೆಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ವಿವಾದಾಸ್ಪದ ಕೂಡ. ಮೇಯರ್ಸ್ ಅವರ ಬಗ್ಗಿಯನ್ನು ಹೀಗೆಯೇ ನಕಲು ಮಾಡಿದವರು ಮಾರುಕಟ್ಟೆ ತುಂಬಿದರು. ಮೇಯರ್ಸ್ ಪೇಟೆಂಟ್ ಮೊಕದ್ದಮೆ ಹೂಡಿ ಸೋತರು. ಮತ್ತೊಬ್ಬರ ಶ್ರಮದ ರೂಪವನ್ನು ಎತ್ತಿ ಮಾರುವುದು ಕಾನೂನು ಹೇಗೇ ಇರಲಿ, ನ್ಯಾಯದ ಕೆಲಸವಲ್ಲ. ತನ್ನದೇ ಹಳೆಯ ಕಾರಿನ, ಎಲ್ಲೂ ಸಿಗದ ಒಂದು ಮಡ್‌ಗಾರ್ಡನ್ನು ತನಗಾಗಿ ಪುನಃ ಮಾಡಿಕೊಳ್ಳುವುದು ಬೇರೆ ಮಾತು.

ಸುರಕ್ಷತೆಯನ್ನು ಅಡಿಟಿಪ್ಪಣಿಯಂತೆ ನೋಡುವವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು. ಅಂಗಡಿಯಲ್ಲಿ ರೆಸಿನ್ ಜೊತೆ ನೇರಳೆ ಬಣ್ಣದ ಕೋಬಾಲ್ಟ್ ವೇಗವರ್ಧಕವೂ ಎಂಇಕೆಪಿಯೂ ಬೇರೆ ಬೇರೆ ಬಾಟಲಿಯಲ್ಲಿ ಸಿಗುತ್ತವೆ. ಈ ಎರಡನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಎಂಇಕೆಪಿ. ಅದರ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಕಡ್ಡಾಯ, ಬಿದ್ದರೆ ತಕ್ಷಣ ಕಾಲು ಗಂಟೆ ನೀರಿನಿಂದ ತೊಳೆದು ಆಸ್ಪತ್ರೆಗೆ ಓಡಬೇಕು. ಸ್ಟೈರೀನಿನ ಆವಿಗೆ ಬಟ್ಟೆಯ ಮಾಸ್ಕಾಗಲಿ ಧೂಳಿನ ಮಾಸ್ಕಾಗಲಿ ತಡೆಯಲ್ಲ, ಇದ್ದಿಲಿನ ಕಾರ್ಟ್‌ರಿಜ್ ಇರುವ ಮುಖವಾಡ ಬೇಕು. ಉಜ್ಜುವಾಗ ಧೂಳಿನ ಮಾಸ್ಕ್ ಬೇಕು. ಕೈ ತೊಳೆಯಲು ಬಳಸುವ ಅಸಿಟೋನ್ ಹತ್ತಿರ ಬೀಡಿಯ ಕಿಡಿಯೂ ಬರಬಾರದು. ಉಳಿದ ರೆಸಿನ್ನಿನ ಡಬ್ಬವನ್ನು ಕಸದ ಬುಟ್ಟಿಗೆ ಹಾಕದೆ ಬಯಲಲ್ಲಿ ತಣಿಯಲು ಬಿಡಬೇಕು. ಸಿದ್ಧವಾದ ಮೈಯೂ ಬೆಂಕಿಗೆ ಉರಿಯುವಂಥದ್ದೇ, ದಟ್ಟ ಕಪ್ಪು ಹೊಗೆ ಬಿಡುತ್ತದೆ. ಸೈಲೆನ್ಸರ್ ಕೊಳವೆಗೂ ಅದಕ್ಕೂ ಅಂತರವಿರಬೇಕು, ನಡುವೆ ಅಲ್ಯೂಮಿನಿಯಂ ತಡೆ ಇದ್ದರೆ ಇನ್ನೂ ಒಳಿತು.

ಕಟ್ಟಿದ ಕಾರನ್ನು ರಸ್ತೆಗೆ ತರುವುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1998ರಿಂದ ಎಸ್‌ವಿಎ, 2009ರಿಂದ ಐವಿಎ ಎಂಬ ಒಂಟಿ ವಾಹನ ಪರೀಕ್ಷೆ ಇದೆ. ಹೊರಮೈಯಲ್ಲಿ ಪಾದಚಾರಿಗೆ ತಾಗಬಹುದಾದ ಅಂಚಿನ ತ್ರಿಜ್ಯ 2.5 ಮಿ.ಮೀ.ಗಿಂತ ಕಡಿಮೆ ಇರಬಾರದೆಂಬ ನಿಯಮವನ್ನು ಫೈಬರ್ ಗ್ಲಾಸ್ ಮೈಯವರು ಪ್ಲಗ್ ಹಂತದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಭಾರತದಲ್ಲಿ ತಯಾರಕರ ಮಾದರಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು, ನೋಂದಾಯಿತ ವಾಹನದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಟ್ಟು ಹಾಕಿದೆ. ಹಾಗಾಗಿ ಇಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳ ಜಾಗ ಬಹುಮಟ್ಟಿಗೆ ಟ್ರ್ಯಾಕು, ತೋಟ, ಖಾಸಗಿ ಮೈದಾನ. ಬಾಹಾ, ಫಾರ್ಮುಲಾ ಭಾರತ್ ಮುಂತಾದ ಸ್ಪರ್ಧೆಗಳಿಗೆ ವಾಹನ ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಇಂದು ಈ ವಿದ್ಯೆಯನ್ನು ಹುರುಪಿನಿಂದ ಕಲಿಯುತ್ತಿರುವವರು.

ಬಣ್ಣದ ಮಾತು ಚಿಕ್ಕದು. ಬೇಕಾದ ಬಣ್ಣದ ಜೆಲ್ ಕೋಟನ್ನೇ ಹಾಕಿದರೆ ಪ್ರತ್ಯೇಕ ಪೇಂಟ್ ಬೇಡ, ಬಿಸಿಲಿಗೆ ಕಳೆಗುಂದಿದರೆ ಪಾಲಿಶ್ ಮಾಡಬಹುದು. ಪೇಂಟ್ ಮಾಡುವುದಾದರೆ ಭಾಗವನ್ನು ಕೆಲವು ವಾರ ಬಿಸಿಲಲ್ಲಿಟ್ಟು ಪೂರ್ತಿ ಗಟ್ಟಿಯಾಗಲು ಬಿಡಬೇಕು. ಪಿವಿಎ ಪೊರೆಯನ್ನು ನೀರಿನಿಂದಲೂ ಮೇಣವನ್ನು ದ್ರಾವಕದಿಂದಲೂ ತೆಗೆದ ಮೇಲಷ್ಟೇ ಪ್ರೈಮರ್.

ಗುದ್ದಿದಾಗ ತಗಡು ನೆಗ್ಗುತ್ತದೆ, ಫೈಬರ್ ಗ್ಲಾಸ್ ಸೀಳುತ್ತದೆ. ರಿಪೇರಿ ಮಾತ್ರ ಇದರಲ್ಲೇ ಸುಲಭ. ಸೀಳಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ. ಒಳಬದಿಯಲ್ಲಿ ಸೀಳಿನ ಎರಡೂ ಕಡೆ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಅಂದರೆ 3 ಮಿ.ಮೀ. ಹಾಳೆಗೆ 36 ಮಿ.ಮೀ., ಚಿಕ್ಕ ತುಂಡಿನಿಂದ ಶುರುಮಾಡಿ ದೊಡ್ಡದರವರೆಗೆ ಮ್ಯಾಟ್ ಹಾಕಿದರೆ ಹಳೆಯ ಬಲ ಬಹುಪಾಲು ಮರಳುತ್ತದೆ. ಹೊರಬದಿಗೆ ಪುಟ್ಟಿ ತೆಳುವಾಗಿದ್ದಷ್ಟೂ ಒಳ್ಳೆಯದು. ರಿಪೇರಿಗೆ ಮೀರಿದ್ದಾದರೆ ಹಳೆಯ ಅಚ್ಚಿನಿಂದ ಹೊಸದೊಂದನ್ನು ತೆಗೆಯಬಹುದು. ಅದಕ್ಕಾಗಿ ಅಚ್ಚನ್ನು ಮೇಣ ಹಚ್ಚಿ, ಒಳಗೆ ಒಂದು ಭಾಗವನ್ನು ಹಾಗೆಯೇ ಬಿಟ್ಟು, ನೆರಳಿನಲ್ಲಿ ಸಮತಟ್ಟಾಗಿ ಇಡುವುದು ರೂಢಿ. ಒಳಗಿನ ಭಾಗ ಅಚ್ಚು ಸೊಟ್ಟಗಾಗದಂತೆ ಹಿಡಿದಿಡುತ್ತದೆ.